ಶಿವು, ನಿನ್ನ ಕುಂಚ ತಗೊಂಡು ಹಾಸನಕ್ಕೆ ಬಾ

ಪ್ರೀತಿಯ ಶಿವು,

ಅರಸೀಕೆರೆ ಕಡೆ ಮಳೆ ಹೇಗಿದೆ? ಇಲ್ಲಿ ಹಾಸನದಲ್ಲಿ ಜಡಿ ಹಿಡಿದು ಕೂತಿದೆ. ಒಗೆದ ಬಟ್ಟೆ ಒಣಗ್ತಿಲ್ಲ ಅಂತ ಮನೇಲಿ ಗೊಣಗಾಟ, ನನಗೆ ಮಾತ್ರ ಖುಷಿ. ಭಾನುವಾರದ ಮಣ್ಣಿನ ಕಾರ್ಯಾಗಾರಕ್ಕೆ ಹೋಗ್ತಿದೀನಿ ಅಂದಿದ್ದೆನಲ್ಲ, ಅಲ್ಲಿ ಈಗ ಮಡಕೆಯ ಮೈಮೇಲೆ ಚಿತ್ತಾರ ತೆಗೆಯೋದು ನಡೀತಿದೆ. ಈ ಥಂಡಿಗೆ ಮಡಕೆ ನಿಧಾನ ಒಣಗುತ್ತೆ, ಗೆರೆ ಎಳೆಯೋಕೆ ಬೇಕಾದ ಹದ ಹೆಚ್ಚು ಹೊತ್ತು ನಿಲ್ಲುತ್ತೆ. ಬೇಸಿಗೇಲಾದರೆ ಒದ್ದೆ ಬಟ್ಟೆ ಸುತ್ತಿ ಕಾಯ್ಕೋಬೇಕು.

ಎಲ್ಲಾ ಇರೋದು ಆ ಹದದಲ್ಲೇ ಕಣೋ. ಜೇಡಿಮಣ್ಣನ್ನ ನೀರಲ್ಲಿ ಕದಡಿ, ಸೋಸಿ, ಬಣ್ಣ ಕೂಡಿಸಿ ಬಳಿಯೋ ಲೇಪಕ್ಕೆ ಸ್ಲಿಪ್ ಅಂತಾರೆ. ಮಡಕೆ ಇನ್ನೂ ತೇವವಾಗಿ, ಆದರೆ ಒತ್ತಿದರೆ ತಗ್ಗು ಬೀಳದಷ್ಟು ಗಟ್ಟಿಯಾದಾಗ ಅದನ್ನ ಬಳೀಬೇಕು. ಪೂರ್ತಿ ಒಣಗಿದ ಮಡಕೆಗೆ ಬಳಿದರೆ, ಒಳಗಿನ ಮೈ ಆಗಲೇ ಕುಗ್ಗಿ ಮುಗಿದಿರುತ್ತೆ, ಲೇಪ ಒಂದೇ ಆಮೇಲೆ ಕುಗ್ಗಿ ಚಕ್ಕೆ ಏಳುತ್ತೆ.

ನನಗೆ ತುಂಬಾ ಹಿಡಿಸಿದ್ದು ಸ್ಗ್ರಫಿಟೊ. ಕೆಂಪು ಮಣ್ಣಿನ ಮೇಲೆ ಬಿಳಿ ಸ್ಲಿಪ್ ಬಳಿದು, ಸೂಜಿಮೊನೆಯಿಂದ ಕೆರೆದರೆ ಕೆಳಗಿನ ಕೆಂಪು ಗೆರೆಯಾಗಿ ಎದ್ದು ಬರುತ್ತೆ. ಲೇಪದ ಹೊಳಪು ಆರಿ, ಬೆರಳಿಗೆ ಅಂಟದೆ ಇರುವಾಗ ಶುರು ಮಾಡಬೇಕು. ಹಸಿ ಇದ್ದರೆ ಗೆರೆಯ ಅಂಚು ಹರಕು ಹರಕು, ಒಣಗಿದ್ದರೆ ಸಿಪ್ಪೆ ಏಳುತ್ತೆ. ಸರಿಯಾದ ಹದದಲ್ಲಿ ಸೂಜಿಯ ಹಿಂದೆ ಮಣ್ಣು ಸಣ್ಣ ಸುರುಳಿಯಾಗಿ ಏಳುತ್ತೆ. ಅದನ್ನ ಆಗಲೇ ಒರೆಸಬಾರದು, ಮೆತ್ತಿಕೊಂಡುಬಿಡುತ್ತೆ. ಒಣಗಿದ ಮೇಲೆ ಮೆತ್ತಗಿನ ಬ್ರಷ್ಷಲ್ಲಿ ತಟ್ಟಿದರೆ ತಾನೇ ಉದುರುತ್ತೆ, ಆದರೆ ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಟ್ಟಿಕೊಂಡೇ ಮಾಡಬೇಕು. ಯೂಟ್ಯೂಬಲ್ಲಿ ಎಷ್ಟೇ ನೋಡಿದರೂ ಹದ ಗೊತ್ತಾಗೋದು ಬೆರಳಿಗೇ. ಕಲಿಸೋ ಮೇಡಂ ಮಾತಾಡೋದೂ ಕಮ್ಮಿ. ನಮ್ಮ ಬೆರಳು ಹಿಡಿದು ಮಡಕೆ ಮುಟ್ಟಿಸಿ "ಈಗ" ಅಂತಾರೆ, ಅಷ್ಟೇ.

ಇನ್ನೊಂದಿದೆ, ಗೆರೆ ಕೊರೆದು ಅದರೊಳಗೆ ಬೇರೆ ಬಣ್ಣದ ಮಣ್ಣು ತುಂಬಿ, ಮೇಲೆ ನಯವಾಗಿ ಹೆರೆಯೋದು. ಕೊರಿಯಾದವರು 12ನೇ ಶತಮಾನದಲ್ಲೇ ಇದನ್ನ ಎಲ್ಲಿಗೆ ಮುಟ್ಟಿಸಿದ್ದರು ಅಂತ ಚಿತ್ರಗಳಲ್ಲಿ ನೋಡಿ ದಂಗಾದೆ.

ನಮ್ಮಲ್ಲೇನು ಕಮ್ಮಿಯಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕ ಚೂರುಗಳಲ್ಲಿ ಕೆಂಗಂದು ಲೇಪದ ಜೊತೆ ಬಿಳಿ ಗೆರೆಯ ಚಿತ್ತಾರದವೂ ಇದ್ದವು. ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಹಳೇವು. ನಮ್ಮ ಕೆಲವರಿಗೆ ನಕ್ಷೆಯ ಗುರು ಹಳೇಬೀಡು. ದೇವಸ್ಥಾನದ ಗೋಡೆಯ ಬುಡದ ಆನೆಸಾಲು, ಸಿಂಹದ ಸಾಲು ದಾಟಿದರೆ ಬಳ್ಳಿ ಬರುತ್ತಲ್ಲ, ಅದನ್ನ ಪುಸ್ತಕಕ್ಕೆ ಇಳಿಸಿಕೊಂಡು ಬಂದು ಬಟ್ಟಲಿನ ಸುತ್ತ ಓಡಿಸ್ತಿದೀನಿ. ಬಟ್ಟಲಿನ ಮೈ ಬಾಗಿರುತ್ತೆ ನೋಡು, ಹಾಳೆ ಮೇಲೆ ಸರಿಯಾಗಿದ್ದ ಸುತ್ತು ಅಲ್ಲಿ ಹಿಗ್ಗಿಬಿಡುತ್ತೆ. ಬಳ್ಳಿಯನ್ನ ಮತ್ತೆ ಅಳೆದು ಕೂರಿಸಬೇಕು.

ಸುಡೋದು ಕರೆಂಟಿನ ಗೂಡಲ್ಲಿ. 573 ಡಿಗ್ರಿ ಆಸುಪಾಸಿನಲ್ಲಿ ಮಣ್ಣಿನೊಳಗಿನ ಬೆಣಚು ತಟ್ಟನೆ ಹಿಗ್ಗುತ್ತೆ, ಆರುವಾಗ ಅಲ್ಲೇ ಕುಗ್ಗುತ್ತೆ. ಅವಸರ ಮಾಡಿದರೆ ಬಿರುಕು.

ಈಗ ವಿಷಯಕ್ಕೆ ಬರ್ತೀನಿ. ಫ್ಲೆಕ್ಸ್ ಬಂದ ಮೇಲೆ ನೀನು ಅಂಗಡಿ ಬೋರ್ಡ್ ಬರೆಯೋದು ನಿಂತುಹೋಯ್ತು. ಕೈ ಎತ್ತದೆ ಒಂದೇ ಎಳೆತಕ್ಕೆ 'ಶ್ರೀ' ಬರೀತಿದ್ದೆಯಲ್ಲ, ಅಂಥ ಕೈ ಇಲ್ಲಿ ಯಾರಿಗೂ ಇಲ್ಲ ಮಾರಾಯ. ಮಡಕೆ ತೇವ ಹೀರಿಕೊಳ್ಳುತ್ತೆ, ತಡೆದು ತಡೆದು ಎಳೆದರೆ ಕುಂಚ ಅಲ್ಲೇ ನಿಂತುಬಿಡುತ್ತೆ. ನಿನಗೆ ಅದು ಕಷ್ಟವೇ ಅಲ್ಲ. ಆ ಕೈ ಸುಮ್ಮನೆ ಕೂತಿರೋದನ್ನ ನೋಡೋಕೆ ನನಗೆ ಆಗಲ್ಲ.

ಮೇಡಂಗೆ ಹೇಳಿಟ್ಟಿದೀನಿ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿ, ಸ್ಟ್ಯಾಂಡಿಗೆ ನಾನು ಬರ್ತೀನಿ. ಉದ್ದ ಕೂದಲಿನ ಆ ಹಳೇ ಕುಂಚಗಳನ್ನ ಎಸೆದಿಲ್ಲ ತಾನೆ? ಎಲ್ಲಾ ತಗೊಂಡು ಬಾ. ಊಟ ನಮ್ಮನೇಲೇ. ಬರೋದು ಖಚಿತವಾದರೆ ಶನಿವಾರ ರಾತ್ರಿಯೊಳಗೆ ಫೋನ್ ಮಾಡು, ನಿನ್ನ ಪಾಲಿಗೆ ಎರಡು ಹೂಜಿ ಹದಕ್ಕೆ ಸುತ್ತಿ ಇಡಿಸ್ತೀನಿ.

ನಿನ್ನ,
ರಘು