ಲಾಲಾರಸ ಎಲ್ಲಿ, ಉಗುಳು ಎಲ್ಲಿ: ಯುವ ಬರಹಗಾರ್ತಿಗೊಂದು ಪತ್ರ

ಕಲಬುರಗಿ

ಪ್ರೀತಿಯ ತಂಗಿ,

ನೀನು ಸೇಡಂನಿಂದ ಕಳುಹಿಸಿದ ಎರಡು ಬರಹಗಳನ್ನೂ ಓದಿದೆ. ಆರೋಗ್ಯದ ಲೇಖನದಲ್ಲಿ ‘ಉಗುಳು ನಮ್ಮ ಹಲ್ಲುಗಳನ್ನು ಕಾಯುತ್ತದೆ’ ಎಂದಿದ್ದೀಯ. ಕಥೆಯಲ್ಲಿ, ಹೊಲ ಕಳೆದುಕೊಂಡ ಮುದುಕ ಸಾಹುಕಾರನ ಅಂಗಳದಲ್ಲಿ ‘ಲಾಲಾರಸವನ್ನು ಉಗಿದ’ ಎಂದಿದ್ದೀಯ. ಇಂಗ್ಲಿಷಿನ ಸಲೈವಾ ಮತ್ತು ಸ್ಪಿಟ್ ಎರಡಕ್ಕೂ ನಿಘಂಟು ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿದ್ದರಿಂದ ಯಾವುದನ್ನು ಎಲ್ಲಿಟ್ಟರೂ ನಡೆದೀತು ಎಂದುಕೊಂಡೆಯಂತೆ. ನಡೆಯುವುದಿಲ್ಲ, ತಂಗಿ.

ದ್ರವವೇನೋ ಒಂದೇ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿರುವ 3 ಜೊತೆ ದೊಡ್ಡ ಗ್ರಂಥಿಗಳೂ ಬಾಯಿಯೊಳಗೆಲ್ಲ ಹರಡಿಕೊಂಡಿರುವ ಸಣ್ಣ ಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರಿನವರೆಗೆ ಅದನ್ನು ಸ್ರವಿಸುತ್ತವೆ; ಅದರಲ್ಲಿ ಶೇ. 99ರಷ್ಟು ನೀರು. ಜೋಳದ ರೊಟ್ಟಿಯನ್ನು ಅವಸರಪಡದೆ ಅಗಿಯುತ್ತ ಹೋದರೆ ಬಾಯಲ್ಲಿ ತುಸು ಸಿಹಿ ಮೂಡುತ್ತದಲ್ಲ, ಅದು ಆ ದ್ರವದಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರ ಫಲ. ಹೀಗೆ ದೇಹ ತನ್ನಷ್ಟಕ್ಕೆ ಮಾಡುವ ಕೆಲಸದ ಮಾತು ಬಂದಾಗ ಇಂಗ್ಲಿಷಿನವರು ಸಲೈವಾ ಎನ್ನುತ್ತಾರೆ. ಸ್ಪಿಟ್ ಎಂದೊಡನೆ ಒಬ್ಬ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ, ಏಕೆಂದರೆ ಆ ಪದ ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಮ್ಮ ‘ಉಗುಳು’ ಕೂಡ ಹಾಗೆಯೇ ಎರಡೂ ಆಗಿದೆ. ಆಡುಮಾತಿನಲ್ಲಿ ಅವರು ಬಾಯೊಳಗಿರುವುದನ್ನೂ ಸ್ಪಿಟ್ ಎನ್ನುವುದುಂಟು, ನಾವು ‘ಉಗುಳು ನುಂಗಿಕೊಂಡ’ ಎನ್ನುವಂತೆ. ಆದರೂ ಉಗುಳುವವನ ನೆರಳು ಆ ಪದವನ್ನು ಬಿಟ್ಟು ಹೋಗುವುದಿಲ್ಲ.

ಸಲೈವಾ ಲ್ಯಾಟಿನ್‌ನಿಂದ ಬಂದದ್ದು, ಸ್ಪಿಟ್ ಹಳೆಯ ಇಂಗ್ಲಿಷಿನದೇ. ನಮ್ಮಲ್ಲಿಯೂ ಲಾಲಾರಸ ಸಂಸ್ಕೃತದ್ದು, ಉಗುಳು ಅಚ್ಚಗನ್ನಡ. ನಿನ್ನ ಊರಿಗೆ ಹತ್ತಿರದ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹೇಗೆ ಬೆರೆಸಬೇಕು, ಹೇಗೆ ಬೆರೆಸಬಾರದು ಎಂಬುದನ್ನು ಚರ್ಚಿಸಿದೆ. ನಿನ್ನ ಕಥೆಯ ಆ ವಾಕ್ಯ ಓದುವಾಗ ನನಗೆ ಅದೇ ನೆನಪಾಯಿತು. ಆದರೆ ಎರಡು ಜೋಡಿಗಳೂ ಸರಿಸಮ ಎಂದು ತಿಳಿಯಬೇಡ. ಸಲೈವಾ ಎಂಬುದನ್ನು ಅಲ್ಲಿಯವರು ದಿನದ ಮಾತಿನಲ್ಲೂ ಬಳಸುತ್ತಾರೆ, ಲಾಲಾರಸವಾದರೋ ಪಾಠದ ಪುಸ್ತಕ ಬಿಟ್ಟು ಹೊರಗೆ ಬಂದದ್ದು ಕಡಿಮೆ. ನಮ್ಮ ಬೇಸಿಗೆಯಲ್ಲಿ ದಣಿದು ಬಂದ ರೈತ ‘ಬಾಯಿ ಒಣಗ್ಯಾದ’ ಎಂದರೆ ಸಾಕು, ದ್ರವದ ಹೆಸರೇ ಬೇಕಾಗುವುದಿಲ್ಲ.

ನಮ್ಮಲ್ಲಿ ಇನ್ನೂ ಎರಡು ಪದಗಳಿವೆ. ತಡೆಯಿಲ್ಲದೆ ತುಟಿ ದಾಟಿ ಇಳಿದದ್ದು ಜೊಲ್ಲು. ಕೂಸಿನದಾದರೆ ತಾಯಿ ಸೆರಗಿನಿಂದ ಒರೆಸುತ್ತಾಳೆ. ಒಬ್ಬರ ಬಾಯಿ ತಾಗಿದ ಅನ್ನವನ್ನೋ ಲೋಟವನ್ನೋ ಇನ್ನೊಬ್ಬರು ಮುಟ್ಟುವ ಪ್ರಸಂಗ ಬಂದಾಗ ಅದೇ ತೇವ ಎಂಜಲಾಗುತ್ತದೆ. ಈ ಪದಕ್ಕೆ ಸಲೈವಾ, ಸ್ಪಿಟ್ ಎರಡೂ ಸಾಟಿಯಲ್ಲ, ಏಕೆಂದರೆ ಯಾರು ಯಾರ ಜೊತೆ ಉಣ್ಣಬಹುದು ಎಂಬ ನಮ್ಮ ಸಮಾಜದ ನೋವಿನ ಲೆಕ್ಕ ಅದರೊಳಗಿದೆ. ಅದನ್ನು ಬಳಸುವಾಗ ಕೈ ನಡುಗಬೇಕು.

ಪದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಬಹಳ ಹಿಂದೆ ಕ್ಷಯರೋಗದ ಕರಪತ್ರವೊಂದನ್ನು ಕನ್ನಡಕ್ಕೆ ತರುವಾಗ ಕಲಿತೆ. ಸ್ಪ್ಯೂಟಮ್ ಎಂಬ ಪದಕ್ಕೆ ನಾನು ‘ಉಗುಳು’ ಎಂದು ಬರೆದಿದ್ದೆ. ಕರಡನ್ನು ಓದಿದ ಹಿರಿಯ ನರ್ಸ್ ಒಬ್ಬರು, ‘ಹೀಗೆ ಬರೆದರೆ ಮಂದಿ ಡಬ್ಬಿಯೊಳಗೆ ಬರೀ ಬಾಯಿಯ ಉಗುಳು ತಂದುಕೊಡ್ತಾರ್ರೀ, ನಮಗೆ ಬೇಕಾದದ್ದು ಎದೆಯಿಂದ ಕೆಮ್ಮಿ ತೆಗೆದ ಕಫ’ ಎಂದರು. ಬರೀ ಉಗುಳನ್ನು ಪರೀಕ್ಷಿಸಿದರೆ ಶ್ವಾಸಕೋಶದಲ್ಲಿರುವ ರೋಗ ಕಾಣದೆ ಉಳಿಯಬಹುದು. ನನ್ನ ಒಂದು ಪದದಿಂದ ಒಬ್ಬ ರೋಗಿಗೆ ಚಿಕಿತ್ಸೆ ತಡವಾಗಬಹುದಿತ್ತು ಎಂಬ ಅಳುಕು ಇಂದಿಗೂ ನನ್ನಲ್ಲಿದೆ.

ಲೇಖನದಲ್ಲಿ ‘ಲಾಲಾರಸ’ ಎಂದೇ ಬರೆ, ಮೊದಲ ಸಲ ಮಾತ್ರ ‘ಬಾಯಲ್ಲಿ ಊರುವ ನೀರು’ ಎಂದು ಬಿಡಿಸಿ ಹೇಳು. ಕಥೆಯಲ್ಲಿ ದ್ರವದ ಹೆಸರನ್ನು ತೆಗೆದುಬಿಡು: ‘ಮುದುಕ ಅಂಗಳದಲ್ಲಿ ಉಗಿದ.’ ತಿದ್ದಿದ ಪ್ರತಿಯನ್ನು ಕಳುಹಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ