ಬಚ್ಚಲಿನ ಗೀಸರ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೊಸ ಬಾಡಿಗೆ ಮನೆಯ ಫೋಟೊಗಳನ್ನೆಲ್ಲ ನೋಡಿದೆ. ಹಾಲ್‌ನಲ್ಲಿ ಒಳ್ಳೆ ಬೆಳಕಿದೆ, ಅಮ್ಮನಿಗೆ ದೇವರ ಕೋಣೆಯೂ ಸಿಕ್ಕಿತು, ಸಂತೋಷ. ಆದರೆ ಬಚ್ಚಲುಮನೆಯ ಫೋಟೊ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಗ್ಯಾಸ್ ಗೀಸರ್ ಒಳಗೇ ಇದೆ. ಮೇಲಿನ ವೆಂಟಿಲೇಟರಿಗೆ ಯಾರೋ ರಟ್ಟು ಸಿಕ್ಕಿಸಿದ್ದಾರೆ, ಚಳಿಗೆ ಇರಬೇಕು. ಮೊದಲು ಆ ರಟ್ಟು ಕಿತ್ತುಹಾಕು.

‘ಲೀಕ್ ಆದರೆ ವಾಸನೆ ಬರುತ್ತಲ್ಲೋ’ ಅಂದೆ ನೀನು ಫೋನಿನಲ್ಲಿ. ಅಪಾಯ ಇರುವುದೇ ಆ ನಂಬಿಕೆಯಲ್ಲಿ. ಸಿಲಿಂಡರ್ ಗ್ಯಾಸಿಗೂ ಅದರದೇ ಆದ ವಾಸನೆ ಅಂತಿಲ್ಲ. ಸೋರಿದರೆ ತಿಳಿಯಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ಗೀಸರ್ ಉರಿಯುವಾಗ ಆ ವಾಸನೆಯೂ ಸುಟ್ಟುಹೋಗುತ್ತದೆ. ಗಾಳಿ ಸಾಕಷ್ಟಿದ್ದರೆ ಗ್ಯಾಸ್ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತದೆ. ಬಾಗಿಲು, ಕಿಂಡಿ ಎಲ್ಲ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾದ ಹಾಗೆ ಅದು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ.

ಇಂಥ ಸಾವುಗಳಾದಾಗ ‘ಗೀಸರ್ ಅನಿಲ ಸೋರಿಕೆ’ ಅಂತ ಸುದ್ದಿ ಬರುತ್ತದೆ. ಓದಿದಾಗಲೆಲ್ಲ ಸಂಕಟವಾಗುತ್ತದೆ. ಸೋರಿಕೆ ಅಂದ ಕೂಡಲೇ ಜನ ಪೈಪು, ರೆಗ್ಯುಲೇಟರ್ ನೋಡಿಸಿ ನಿಶ್ಚಿಂತರಾಗುತ್ತಾರೆ. ಎಲ್ಲೂ ಏನೂ ಸೋರದ ಗೀಸರ್ ಕೂಡ ಕೊಲ್ಲುತ್ತದೆ ಕಣೋ. ನಮ್ಮೂರಿನ ಬಚ್ಚಲ ಒಲೆಯ ಹೊಗೆಯಲ್ಲೂ ಇದೇ ಕಾರ್ಬನ್ ಮಾನಾಕ್ಸೈಡ್ ಇತ್ತು. ಆದರೆ ಹಸಿ ಸೌದೆಯ ಹೊಗೆ ಕಣ್ಣಿಗೆ ಹೊಕ್ಕು ನಮ್ಮನ್ನು ಹೊರಗೆ ಅಟ್ಟುತ್ತಿತ್ತು, ಹೆಂಚಿನ ಸಂದಿಯಲ್ಲಿ ತಾನೂ ಹೊರಟುಹೋಗುತ್ತಿತ್ತು.

ಈ ಅನಿಲ ಉಸಿರಿನೊಡನೆ ಒಳಗೆ ಹೋದರೆ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಭಾರ, ತಲೆಸುತ್ತು, ವಾಕರಿಕೆ. ಬಿಸಿನೀರಿನ ಸುಸ್ತು ಅಂದುಕೊಂಡು ಇನ್ನೆರಡು ತಂಬಿಗೆ ಹುಯ್ದುಕೊಳ್ಳುತ್ತೇವೆ. ಚಿಲಕ ತೆಗೆಯಬೇಕು ಅನ್ನಿಸುವ ಹೊತ್ತಿಗೆ ಕೈಕಾಲು ಮಾತು ಕೇಳುವುದಿಲ್ಲ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಇದನ್ನು ಕಂಡುಹಿಡಿಯಲು 1980ರ ದಶಕದವರೆಗೂ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು.

ಇನ್ನೊಂದು ಮಾತು, ಇದನ್ನು ಅತ್ತಿಗೆಗೂ ಹೇಳು. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಬೆರಳಿಗೆ ಸಿಕ್ಕಿಸುವ ಆ ಯಂತ್ರಕ್ಕೆ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಆಮ್ಲಜನಕ ತುಂಬಿದ ರಕ್ತದ ಹಾಗೇ ಕಾಣುತ್ತದೆ. ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿದ್ದರೂ 98 ತೋರಿಸಬಹುದು. ಹಾಗೇನಾದರೂ ಆದರೆ ಬಾಗಿಲು ತೆರೆದು, ಗೀಸರ್ ಆರಿಸಿ, ಬಿದ್ದವರನ್ನು ಗಾಳಿಗೆ ಎಳೆದು ತಂದು ಆಸ್ಪತ್ರೆಗೆ ಒಯ್ಯಬೇಕು. ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು. ಬರೀ ಗಾಳಿಯಲ್ಲಿ ಈ ಅನಿಲ ರಕ್ತದಲ್ಲಿ ಅರ್ಧಕ್ಕಿಳಿಯಲು 4–5 ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.

ಗೀಸರಿನ ಜ್ವಾಲೆ ನೀಲಿಯಾಗಿದೆಯಾ ನೋಡು. ಹಳದಿಯಾಗಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಹಚ್ಚಲೇಬೇಡ. ನೀಲಿ ಇದೆ ಅಂತ ಧೈರ್ಯವಾಗಿಯೂ ಇರಬೇಡ. ಗೀಸರನ್ನು ಬಾಲ್ಕನಿಗೆ ಸಾಗಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಿಸಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ. ಎಲ್‌ಪಿಜಿ ಅಲಾರಂ ಬೇರೆ, ಅದಲ್ಲ.

ಓನರ್ ಒಪ್ಪದಿದ್ದರೆ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ. ಪ್ಲಂಬರ್ ಖರ್ಚು ನಾನು ಕೊಟ್ಟರೂ ಸರಿ. ಅಲ್ಲಿಯವರೆಗೆ ಅಮ್ಮನಿಗೆ ಅಡುಗೆಮನೆಯಲ್ಲಿ ಕಿಟಕಿ ತೆರೆದಿಟ್ಟು ನೀರು ಕಾಯಿಸಿ ಬಕೆಟ್‌ನಲ್ಲಿ ತಂದಿಡು.

ನಿನ್ನ ಗೆಳೆಯ