ಪುಟ್ಟಿ, ಮೊದ್ಲು ಒಂದೇ ಒಂದು ಕೆಲಸ ಹಿಡ್ಕೋ

ಪ್ರೀತಿಯ ಪುಟ್ಟಿ,

ನಿನ್ ವಾಯ್ಸ್ ಮೆಸೇಜ್ ಪೂರ್ತಿ ಕೇಳ್ದೆ ಕಣೆ. ಫೋನ್ ಮಾಡಿದ್ರೆ ನೀನು "ಹೂಂ ಚಿಕ್ಕಮ್ಮ, ಸರಿ ಚಿಕ್ಕಮ್ಮ" ಅಂದು ಇಟ್ಬಿಡ್ತೀಯ, ಅದಕ್ಕೇ ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ, ನಿಧಾನಕ್ಕೆ ಓದ್ಕೋ. ಬಿಕಾಂ ಮುಗಿಸಿ ಆನ್‌ಲೈನ್ ಮಾರ್ಕೆಟಿಂಗ್ ಕಲೀತೀನಿ ಅಂತ ಕೂತೆ, ಈಗ ನೋಡಿದ್ರೆ ಫೇಸ್‌ಬುಕ್ ಆಡ್ಸು, ರೀಲ್ಸು, ಇಮೇಲು, ಅಫಿಲಿಯೇಟು, ಎಸ್‌ಇಓ, ಕ್ಯಾನ್ವಾ ಎಲ್ಲಾನೂ ಅರ್ಧರ್ಧ ನೋಡಿಟ್ಟಿದೀಯ, ಒಂದನ್ನೂ ಯಾರಿಗೂ ಮಾಡ್ಕೊಟ್ಟಿಲ್ಲ. ಕೇಳಿದ್ರೆ ಭಯ, ಇನ್ನೂ ಸ್ವಲ್ಪ ಕಲಿತು ಶುರು ಮಾಡ್ತೀನಿ ಅಂತೀಯ.

ನನಗನ್ಸೋದು ಏನಂದ್ರೆ, ಆ ಭಯ ಬರ್ತಿರೋದೇ ಈ ಅರ್ಧರ್ಧದಿಂದ. ಯಾವ್ದೂ ಗಟ್ಟಿಯಾಗಿ ಕೈಗೆ ಹತ್ತಿಲ್ಲ, ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಸರಿ ಇನ್ನೊಂದು ಕೋರ್ಸ್ ನೋಡೋಣ ಅಂತ ಕೂರ್ತೀಯ, ಅದು ನೋಡಿದ್ರೆ ನಿನಗೆ ಗೊತ್ತಿಲ್ದೇ ಇರೋದು ಇನ್ನೂ ಹತ್ತು ಕಾಣ್ಸುತ್ತೆ, ಭಯ ಮತ್ತೆ ಜಾಸ್ತಿ. ಇದಕ್ಕೆ ಕೊನೆ ಇಲ್ಲ. ಭಯ ಪೂರ್ತಿ ಹೋಗ್ಲಿ ಆಮೇಲೆ ಕೆಲಸ ಅಂತ ಕಾಯ್ಬೇಡ, ಒಂದು ಸಣ್ಣ ಕೆಲಸ ಒಬ್ಬರಿಗೆ ಸರಿಯಾಗಿ ಮಾಡ್ಕೊಟ್ಟು ನೋಡು, ಅರ್ಧ ಭಯ ಅಲ್ಲೇ ಇಳಿಯುತ್ತೆ.

ಯಾವ ಕೆಲಸ ಅಂತ ನೀನು ಕೇಳೇ ಕೇಳ್ತೀಯ, ನಾನೇ ಹೇಳ್ತೀನಿ. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಅಂಗಡಿ ಹುಡುಕೋರ ಕಣ್ಣಿಗೆ ಬೀಳೋ ಹಾಗೆ ಮಾಡೋದು, ಲೋಕಲ್ ಎಸ್‌ಇಓ ಅಂತಾರಲ್ಲ ಅದು. ಮೂರು ತಿಂಗಳು ಇದೊಂದೇ. ಮ್ಯಾಪ್ಸ್‌ನಲ್ಲಿ ಅಂಗಡಿ ಹೆಸರು ಒತ್ತಿದ್ರೆ ವಿಳಾಸ, ಟೈಮು, ಫೋಟೋ, ರಿವ್ಯೂ ಎಲ್ಲ ಕಾಣುತ್ತಲ್ಲ, ಆ ಪುಟಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತಾರೆ, ಅದು ಫ್ರೀ, ಆಡ್‌ಗೆ ದುಡ್ಡು ಸುರಿದು ಕಳ್ಕೊಳ್ತೀನಿ ಅನ್ನೋ ಭಯ ಇಲ್ಲ. ಕ್ಯಾಮೆರಾ ಮುಂದೆ ನಿಂತು ಮುಖ ತೋರಿಸ್ಬೇಕಾಗಿಲ್ಲ, ನೆಂಟರೆಲ್ಲ ನೋಡಿ ಏನಂತಾರೋ ಅನ್ನೋದೂ ಇಲ್ಲ. ಇಂಗ್ಲಿಷ್ ಸಾಲ್ದು ಅಂತೀಯಲ್ಲ, ನಮ್ ಬೆಂಗಳೂರಲ್ಲಿ ಜನ ಕನ್ನಡದಲ್ಲೂ ಹುಡುಕ್ತಾರೆ, ಮೈಕ್ ಒತ್ತಿ ಮಾತಾಡಿಯೂ ಹುಡುಕ್ತಾರೆ, ಅವರು ಹೆಂಗೆ ಮಾತಾಡ್ತಾರೋ ಅದು ಗೊತ್ತಿರೋದೇ ಇಲ್ಲಿ ನಿನ್ನ ಬಲ.

ನಿಮ್ ಮನೆ ಹಿಂದಿನ ರೋಡಲ್ಲಿ ಟೈಲರ್ ಆಂಟಿ ಇದಾರಲ್ಲ, ಅವರಿಂದ ಶುರು ಮಾಡು. ಅವರ ಬೋರ್ಡ್ ಮೇಲೆ ಲೇಡೀಸ್ ಟೈಲರ್ ಅಂತ ಮಾತ್ರ ಇದೆ. ಆದ್ರೆ ಅವರು ಸೀರೆಗೆ ಕುಚ್ಚು ಹಾಕ್ತಾರೆ, ಫಾಲ್ ಪೀಕೋ ಮಾಡ್ತಾರೆ, ಆರಿ ವರ್ಕ್ ಬ್ಲೌಸ್ ಮಾಡಿಸ್ಕೊಡ್ತಾರೆ, ಇದ್ಯಾವ್ದೂ ಎಲ್ಲೂ ಬರೆದಿಲ್ಲ. ಹನುಮಂತನಗರದಲ್ಲಿ ಕೂತು ಯಾರಾದ್ರೂ "ಸೀರೆ ಕುಚ್ಚು ಹಾಕೋರು" ಅಂತ ಹುಡುಕಿದ್ರೆ, ಎರಡು ರೋಡ್ ಆಚೆ ಇರೋ ಆಂಟಿ ಸಿಗೋದಾದ್ರೂ ಹೆಂಗೆ ಹೇಳು?

ಮೊದಲ ದಿನ ಲ್ಯಾಪ್‌ಟಾಪ್ ತಗೊಂಡು ಹೋಗ್ಬೇಡ. ಒಂದು ನೋಟ್‌ಬುಕ್ ಇಟ್ಕೊಂಡು ಸಂಜೆ ಹೊತ್ತು ಆಂಟಿ ಪಕ್ಕದ ಸ್ಟೂಲ್ ಮೇಲೆ ಸುಮ್ನೆ ಕೂತ್ಕೋ. ಬಂದವರು ಬಾಗ್ಲಲ್ಲಿ ನಿಂತು ಏನು ಕೇಳ್ತಾರೋ ಹಂಗೇ ಬರ್ಕೋ, ನಿನ್ ಭಾಷೆಗೆ ತಿದ್ದಬೇಡ. ಅಳತೆ ಬ್ಲೌಸ್ ಕೊಟ್ರೆ ಸಾಕಾ, ಲೈನಿಂಗ್ ಬಟ್ಟೆ ನೀವೇ ಹಾಕ್ತೀರಾ, ಶುಕ್ರವಾರದೊಳಗೆ ಸಿಗುತ್ತಾ, ಹಳೇ ಬ್ಲೌಸ್ ಲೂಸ್ ಮಾಡ್ತೀರಾ. ಈ ಮಾತುಗಳೇ ನಿನಗೆ ಬೇಕಾಗಿರೋದು, ದೊಡ್ಡ ದೊಡ್ಡ ಏಜೆನ್ಸಿಗಳು ಜನ ಯಾವ ಮಾತಲ್ಲಿ ಹುಡುಕ್ತಾರೆ ಅಂತ ತಿಳ್ಕೊಳ್ಳೋಕೆ ಕೀವರ್ಡ್ ರಿಸರ್ಚ್ ಅಂತ ಮಾಡೋದ್ರ ಬೇರು ಇದೇ ಕಣೆ. ಆಮೇಲೆ ಮನೆಗೆ ಬಂದು ಪ್ರೊಫೈಲ್‌ನಲ್ಲಿ ಕೆಟಗರಿ ಸರಿಯಾಗಿ ಆರಿಸು, ಸರ್ವಿಸಸ್ ಜಾಗದಲ್ಲಿ ಕುಚ್ಚು, ಫಾಲ್, ಆರಿ ಎಲ್ಲ ಬೇರೆ ಬೇರೆಯಾಗಿ ಹಾಕು, ಡಿಸ್ಕ್ರಿಪ್ಷನ್‌ನಲ್ಲಿ ಆ ಪ್ರಶ್ನೆಗಳಿಗೆ ಉತ್ತರ ಇರ್ಲಿ. ಫೋಟೋ ಹಗಲು ಬೆಳಕಲ್ಲಿ ಹೊಸ್ತಿಲ ಹತ್ರ ತೆಗಿ, ಕುಚ್ಚಿನ ಗಂಟು ಕಾಣೋಷ್ಟು ಹತ್ತಿರದಿಂದ. ಇಂಟರ್ನೆಟ್ಟಿಂದ ಯಾವ್ದೋ ಮದುವೆ ಹೆಣ್ಣಿನ ಬ್ಲೌಸ್ ಫೋಟೋ ಎತ್ತಿ ಹಾಕ್ಬೇಡ, ಬಂದವರು ಅದೇ ಬೇಕು ಅಂತ ಕೂತ್ರೆ ಆಂಟಿ ಏನು ಮಾಡ್ತಾರೆ?

ಲೋಕಲ್ ರಿಸಲ್ಟ್‌ನಲ್ಲಿ ಗೂಗಲ್ ಮುಖ್ಯವಾಗಿ ನೋಡೋದು ಮೂರು ಅಂತ ಅವರೇ ಹೇಳಿದಾರೆ: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತೆ, ಎಷ್ಟು ದೂರ ಇದೆ, ಅಂಗಡಿಗೆ ಎಷ್ಟು ಹೆಸರಿದೆ. ದೂರ ನಿನ್ ಕೈಲಿಲ್ಲ. ಮಿಕ್ಕಿದ್ದೆರಡು ಸುಮಾರು ಮಟ್ಟಿಗೆ ನಿನ್ ಕೈಲಿದೆ. ಆ ಲಿಸ್ಟಲ್ಲಿ ದುಡ್ಡು ಕೊಟ್ಟು ಮೇಲೆ ಬರೋಕಾಗಲ್ಲ, ಆಡ್ ಬೇರೆ ವಿಷಯ. ಅಂಗಡಿ ಹೆಸರಲ್ಲಿ "ಬೆಸ್ಟ್ ಬ್ಲೌಸ್ ಟೈಲರ್ ಬೆಂಗಳೂರು" ಅಂತ ತುರುಕಬೇಡ, ಬೋರ್ಡ್ ಮೇಲೆ ಇರೋ ಹೆಸರೇ ಇರ್ಬೇಕು ಅನ್ನೋದು ರೂಲು, ಮೀರಿದ್ರೆ ಪ್ರೊಫೈಲೇ ಸಸ್ಪೆಂಡ್ ಆಗ್ಬಹುದು. ಡಿಸ್ಕೌಂಟ್ ಕೊಡ್ತೀವಿ ಅಂತ ರಿವ್ಯೂ ಬರೆಸೋದೂ ಬೇಡ. ಬಟ್ಟೆ ತಗೊಂಡು ಖುಷಿಯಾಗಿ ಹೋಗ್ತಿರೋರಿಗೆ "ಒಂದೆರಡು ಸಾಲು ಬರೀರಿ" ಅಂತ ಆಂಟೀನೇ ಬಾಯಿಬಿಟ್ಟು ಕೇಳ್ಲಿ, ಅಷ್ಟೇ ಸಾಕು. ಬಂದ ಪ್ರತಿ ರಿವ್ಯೂಗೂ ನೀನು ಕೂತು ಉತ್ತರ ಬರಿ, ಬೈದು ಬರೆದಿದ್ರಂತೂ ಮೊದ್ಲು ಅದಕ್ಕೇ.

ಇನ್ನೊಂದು, ಆಂಟಿ ಮೊದ್ಲು ನಂಬದೇ ಇರ್ಬಹುದು. ಗೂಗಲ್‌ನಿಂದ ಮಾತಾಡ್ತಿದೀವಿ, ದುಡ್ಡು ಕಟ್ಟದಿದ್ರೆ ನಿಮ್ ಅಂಗಡಿ ಮ್ಯಾಪಿಂದ ತೆಗಿತೀವಿ ಅಂತ ಹೆದರಿಸೋ ಮೋಸದ ಕಾಲ್‌ಗಳು ಅಂಗಡಿಯವರಿಗೆ ಬರ್ತಾನೇ ಇರ್ತವೆ. ಅವರು ಅನುಮಾನ ಪಟ್ರೆ ನೀನು ಮುಖ ಸಣ್ಣ ಮಾಡ್ಕೋಬೇಡ. ಪ್ರೊಫೈಲ್ ಅವರ ಜೀಮೇಲ್‌ನಲ್ಲೇ ಮಾಡು, ಓನರ್ ಅವರು, ನಿನ್ನನ್ನ ಅದರಲ್ಲಿ ಮ್ಯಾನೇಜರ್ ಅಂತ ಅವರೇ ಸೇರಿಸ್ಲಿ. ಪಾಸ್‌ವರ್ಡ್ ಕೇಳ್ಲೇಬೇಡ. ನಾಳೆ ನೀನು ಬಿಟ್ಟು ಹೋದ್ರೂ ಅವರ ಅಂಗಡಿ ಅವರ ಕೈಲೇ ಇರ್ಬೇಕು. ವೆರಿಫಿಕೇಶನ್‌ಗೆ ಅಂದ್ರೆ ಅಂಗಡಿ ನಿಜವಾಗ್ಲೂ ಅವರದ್ದೇ ಅಂತ ಖಾತ್ರಿ ಮಾಡ್ಕೊಳ್ಳೋಕೆ, ಗೂಗಲ್ ಈಗ ಸಾಮಾನ್ಯವಾಗಿ ವಿಡಿಯೋ ಕೇಳುತ್ತೆ, ರೋಡು, ಬೋರ್ಡು, ಒಳಗಿನ ಮಷೀನು, ಅವರೇ ಬೀಗ ತೆಗಿಯೋದು ಎಲ್ಲ ತೋರಿಸ್ಬೇಕು, ಆವತ್ತು ಆಂಟಿ ಜೊತೆಗಿರ್ಲಿ.

ಎಐ ಬಂದಿದೆ, ಇದನ್ನೆಲ್ಲ ಅದೇ ಮಾಡುತ್ತಲ್ಲ ಅಂತನೂ ಕೇಳಿದೀಯ. ಡಿಸ್ಕ್ರಿಪ್ಷನ್ ಬರೆಯೋಕೆ ಚಾಟ್‌ಜಿಪಿಟಿ ಬಳಸು, ತಪ್ಪೇನಿಲ್ಲ. ಆದ್ರೆ ಆಂಟಿ ಮಧ್ಯಾಹ್ನ ಊಟಕ್ಕೆ ಎರಡು ಗಂಟೆ ಬಾಗ್ಲು ಹಾಕ್ತಾರೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನ ಮುಂಚೇನೇ ಹೊಸ ಆರ್ಡರ್ ನಿಲ್ಲಿಸ್ತಾರೆ ಅನ್ನೋದು ಅದಕ್ಕೆ ಹೆಂಗೆ ಗೊತ್ತಾಗುತ್ತೆ, ಸ್ಟೂಲ್ ಮೇಲೆ ಕೂತ ನಿನಗೆ ಗೊತ್ತು. ಬಟನ್‌ಗಳು ಬದಲಾಗ್ತಾನೇ ಇರ್ತವೆ ಪುಟ್ಟಿ. ಫೇಸ್‌ಬುಕ್ ಥರಾನೇ ಇದ್ದ ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ ಹೋಯ್ತು, ಟಿಕ್‌ಟಾಕ್ 2020ರ ಜೂನಲ್ಲಿ ನಮ್ ದೇಶದಲ್ಲಿ ರಾತ್ರೋರಾತ್ರಿ ಬ್ಯಾನ್ ಆಯ್ತು, ಈ ಬಿಸಿನೆಸ್ ಪ್ರೊಫೈಲ್‌ಗೂ 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅಂತ ಹೆಸರಿತ್ತು. ಗಿರಾಕಿ ಯಾವ ಮಾತಲ್ಲಿ ಹುಡುಕ್ತಾನೆ ಅಂತ ಕಿವಿಗೊಟ್ಟು ಕೇಳೋಕೆ ಕಲ್ತವಳು ಎಲ್ಲಿ ಹೋದ್ರೂ ಬದುಕ್ತಾಳೆ.

ಈ ಮೂರು ತಿಂಗಳಲ್ಲಿ ಟೆಲಿಗ್ರಾಂನಲ್ಲಿ "ವಿಡಿಯೋ ಲೈಕ್ ಮಾಡಿ ದುಡ್ಡು ಸಂಪಾದಿಸಿ, ಡಿಜಿಟಲ್ ಮಾರ್ಕೆಟಿಂಗ್ ಪಾರ್ಟ್‌ಟೈಮ್" ಅಂತ ಮೆಸೇಜ್ ಬಂದ್ರೆ ಉತ್ತರಾನೇ ಕೊಡ್ಬೇಡ. ಮೊದ್ಲು ನೂರಿನ್ನೂರು ಅವರೇ ಹಾಕ್ತಾರೆ, ಆಮೇಲೆ ಡಿಪಾಸಿಟ್ ಕೇಳ್ತಾರೆ. ನಿನ್ ಫ್ರೆಂಡ್ಸ್ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಹೇಳು.

ಆಂಟಿ ಹತ್ರ ದುಡ್ಡು ತಗೋಬೇಡ, ಕೊಟ್ರೆ ಒಂದು ಬ್ಲೌಸ್ ಹೊಲಿಸ್ಕೋ. ತಿಂಗಳಾದ್ಮೇಲೆ ಪ್ರೊಫೈಲ್‌ನ ಪರ್ಫಾರ್ಮೆನ್ಸ್ ಪೇಜ್ ತೆಗೆದು, ಯಾವ ಮಾತಿಂದ ಹುಡುಕಿ ಬಂದ್ರು, ಎಷ್ಟು ಕಾಲ್, ಎಷ್ಟು ಜನ ದಾರಿ ಕೇಳಿದ್ರು, ಅವರ ಜೊತೆ ಕೂತು ತೋರಿಸು. ಕಮ್ಮಿ ಇದ್ರೆ ಕಮ್ಮಿ ಅಂತಲೇ ಹೇಳು. ಎರಡನೇ ಅಂಗಡಿಯಿಂದ ಮಾತ್ರ ದುಡ್ಡು ಕೇಳ್ಲೇಬೇಕು, ಅಲ್ಲಿ ನಾಚ್ಕೊಂಡ್ರೆ ನಾನು ಬೈತೀನಿ. ಎಷ್ಟು ಕೇಳ್ಬೇಕು ಅಂತ ಆವತ್ತು ಫೋನ್ ಮಾಡು, ಕೂತು ಲೆಕ್ಕ ಹಾಕೋಣ.

ಮಿಕ್ಕ ಕೋರ್ಸ್‌ಗಳು ಹಂಗೇ ಇರ್ಲಿ, ಎಲ್ಲೂ ಹೋಗಲ್ಲ. ಭಾವ ಕೆಲಸಕ್ಕೆ ಸೇರ್ಕೋ ಅಂತ ದಿನಾ ಅಂತಿದಾರಂತೆ, ಮೂರು ತಿಂಗಳು ಆ ಮಾತು ಎತ್ತಬೇಡಿ ಅಂತ ಭಾನುವಾರ ನಾನೇ ಬಂದು ಹೇಳ್ತೀನಿ. ಅಷ್ಟರಲ್ಲಿ ನೀನು ಆಂಟೀನ ಒಂದ್ಸಲ ಮಾತಾಡಿಸಿರು.

ಪ್ರೀತಿಯಿಂದ,
ಚಿಕ್ಕಮ್ಮ